ಮಾಸ್ಟರ್ ಕೋಟಿನ ಬಲತೋಳು

ಆ ಮನೆಯಲ್ಲಿ ಎಲ್ಲವೂ ಕಚ್ಚಾ ಹೊಲಿಗೆಯ ಮೇಲೆ ನಿಂತಿತ್ತು.

ಕಚ್ಚಾ ಹೊಲಿಗೆ ಅಂದರೆ, ಮಿಷನ್ನಿಗೆ ಹಾಕುವ ಮೊದಲು ಬಟ್ಟೆ ಜರುಗದಿರಲಿ ಎಂದು ಟೈಲರುಗಳು ಬಿಳಿ ದಾರದಲ್ಲಿ ಉದ್ದುದ್ದ ಹಾಕುವ ಕೈಹೊಲಿಗೆ. ಕೆಲಸ ಮುಗಿದ ಮೇಲೆ ಒಂದು ತುದಿ ಹಿಡಿದು ಎಳೆದರೆ ಸರ್ರನೆ ಬಂದುಬಿಡಬೇಕು. ಬೇರೆ ಟೈಲರುಗಳ ಮನೆಯಲ್ಲಿ ಬರುತ್ತದೆ. ಈ ಮನೆಯಲ್ಲಿ ಬರುತ್ತಿರಲಿಲ್ಲ, ಯಾಕೆಂದರೆ ಕೆಲಸವೇ ಮುಗಿಯುತ್ತಿರಲಿಲ್ಲ. ದಿಂಬಿನ ಚೀಲದ ಬಾಯಿಗೆ ಬಿಳಿ ದಾರ. ಸೊಳ್ಳೆ ಪರದೆಯ ಹರಕಿಗೆ ಬಿಳಿ ದಾರ. ಅಡುಗೆಮನೆ ಕಿಟಕಿಯ ಸೂರ್ಯಕಾಂತಿ ಹೂವಿನ ಪರದೆಯ ಅಂಚಿಗೂ ಬಿಳಿ ದಾರ. ಮಗಳು ಪ್ರೈಮರಿ ಸ್ಕೂಲಿನಲ್ಲಿದ್ದಾಗ ‘ನಾಳೆ ಮಿಷನ್ ಹಾಕ್ತೀನಿ’ ಎಂದು ಹಾಕಿದ್ದು, ಮಗಳು ಡಿಗ್ರಿ ಮುಗಿಸಿದರೂ ಹಾಗೇ ಇತ್ತು. ಒಮ್ಮೆ ಮಿಕ್ಸಿಯ ವೈರಿಗೂ ಅದೇ ದಾರ ಸುತ್ತಿದ್ದುಂಟು. ಅದು ಮಾತ್ರ ಹೊಗೆಯಾಡಿ ತಾನೇ ಕಳಚಿಕೊಂಡಿತು.

ಈ ದಾರದ ಯಜಮಾನನನ್ನು ಬೀದಿಯವರು ಎದುರಿಗೆ ಮಾಸ್ಟರ್ ಎನ್ನುತ್ತಿದ್ದರು, ಬೆನ್ನ ಹಿಂದೆ ನಾಳೆ ಮಾಸ್ಟರ್. ಸೋಮಾರಿಯೇನಲ್ಲ. ಸೋಮಾರಿಯಾಗಿದ್ದರೆ ಹೆಂಡತಿ ನಾಲ್ಕು ಬೈದು ಕೈತೊಳೆದುಕೊಳ್ಳುತ್ತಿದ್ದಳು. ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಸಮ ದುಡಿಯುತ್ತಿದ್ದ, ಆದರೆ ಇವತ್ತು ಯಾವುದು ಆಗಬೇಕೋ ಅದನ್ನೊಂದು ಬಿಟ್ಟು. ಗಿರಾಕಿ ಬಾಗಿಲಲ್ಲಿ ನಿಂತು ಬೊಬ್ಬೆ ಹೊಡೆಯುವಾಗ ಇವನು ಕತ್ತರಿಗೆ ಎಣ್ಣೆ ಬಿಡುತ್ತ ಕೂತಿರುತ್ತಿದ್ದ. ಒಬ್ಬನ ಪ್ಯಾಂಟು ಎಷ್ಟು ತಡವಾಯಿತೆಂದರೆ, ಆತ ದಪ್ಪಗಾಗಿ, ಅಳತೆ ತಪ್ಪಿ, ಆಮೇಲೆ ಕಾಯಿಲೆ ಬಿದ್ದು ತೆಳ್ಳಗಾದ ಮೇಲೆ ಅದು ಸರಿಯಾಗಿ ಕೂತಿತು. ‘ನೋಡಿದ್ರಾ? ಅವಸರ ಮಾಡಿದ್ರೆ ಹಾಳಾಗ್ತಿತ್ತು’ ಎಂದು ಮಾಸ್ಟರ್ ಅದನ್ನೇ ವರ್ಷಗಟ್ಟಲೆ ಹೇಳಿಕೊಂಡು ತಿರುಗಿದ.

ಮನೆಯ ಮುಂದಿನ ಕೋಣೆಯೇ ಅಂಗಡಿ. ಅದರ ಎದುರಿಗೆ, ರಸ್ತೆಯ ಆಚೆ, ಇವನ ಕೈಕೆಳಗೇ ಕೆಲಸ ಕಲಿತವನೊಬ್ಬ ಅಂಗಡಿ ಹಾಕಿದ್ದ. ಬೋರ್ಡಿನ ಮೇಲೆ ಕೆಂಪು ಅಕ್ಷರದಲ್ಲಿ ‘ಹೇಳಿದ ದಿನ ಟೈಲರ್ಸ್’ ಎಂದು ಬರೆಸಿದ್ದ. ಅದು ಯಾರಿಗೆ ಹೇಳಿದ್ದು ಎಂದು ಬೀದಿಯಲ್ಲಿ ಯಾರೂ ಕೇಳಲಿಲ್ಲ.

‘ಕೈಯಲ್ಲಿ ಕಲೆ ಇಲ್ದೋನಿಗೆ ಹೇಳಿದ ದಿನ ಕೊಡೋಕೆ ಏನು ಕಷ್ಟ?’ ಎನ್ನುತ್ತಿದ್ದ ಮಾಸ್ಟರ್.

ಕಲೆ ಇತ್ತು, ಅದನ್ನು ಯಾರೂ ಇಲ್ಲ ಎನ್ನುವಂತಿರಲಿಲ್ಲ. ಅವನು ಕತ್ತರಿಸಿದ ಕೋಟು ಮೈಮೇಲೆ ಬಿದ್ದರೆ ಗೂನುಬೆನ್ನಿನವನೂ ನೆಟ್ಟಗೆ ಕಾಣುತ್ತಿದ್ದ. ಬಿದ್ದರೆ.

ಮಗಳಿಗೆ ದೊಡ್ಡ ಹೋಟೆಲೊಂದರ ರಿಸೆಪ್ಷನ್ ಕೆಲಸಕ್ಕೆ ಸಂದರ್ಶನ ಬಂತು. ಕಪ್ಪು ಕೋಟು ಹಾಕಿಕೊಂಡು ಬರಬೇಕೆಂದು ಹೇಳಿದ್ದರು. ಮಗಳು ಅಂದೇ ಬಟ್ಟೆ ತಂದು ಅಪ್ಪನ ಮೇಜಿನ ಮೇಲಿಟ್ಟಳು.

‘ಅಪ್ಪ, ಇದೊಂದು ಸಲ ಸತಾಯಿಸ್ಬೇಡ.’

‘ಹುಚ್ಚಿ, ನಿನ್ನ ಕೋಟು ನಾನು ತಡ ಮಾಡ್ತೀನಾ? ನಾಳೆ ಮೊದಲ್ನೇ ಕೆಲಸ ಇದೇ.’

ಆ ನಾಳೆ ಬಂದಿದ್ದು ಸಂದರ್ಶನದ ದಿನ ಬೆಳಿಗ್ಗೆ. ಮಗಳು ತಲೆ ಬಾಚಿಕೊಂಡು, ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. ಮಾಸ್ಟರ್ ಬೆವರು ಒರೆಸಿಕೊಳ್ಳುತ್ತ ಮಿಷನ್ ತುಳಿಯುತ್ತಿದ್ದಾನೆ. ಮೈ ಆಯಿತು, ಕಾಲರ್ ಆಯಿತು, ಎಡತೋಳೂ ಕೂತಿತು. ಬಲತೋಳನ್ನು ಕಚ್ಚಾ ಹೊಲಿಗೆಯಲ್ಲಿ ಜೋಡಿಸುವಷ್ಟರಲ್ಲಿ ಬಸ್ಸಿನ ಹೊತ್ತಾಯಿತು.

‘ಹಾಕ್ಕೊಂಡು ಹೋಗು. ಕೈ ಮೇಲೆತ್ತಬೇಡ, ಅಷ್ಟೇ. ರಿಸೆಪ್ಷನ್ನಲ್ಲಿ ಕೂತೋರು ಕೈ ಯಾಕೆ ಎತ್ತುತಾರೆ?’

ಹೋಟೆಲಿನಲ್ಲಿ ಎಲ್ಲವೂ ಚೆನ್ನಾಗಿಯೇ ನಡೆಯಿತು. ಕೇಳಿದ್ದಕ್ಕೆಲ್ಲ ಮಗಳು ನಗುನಗುತ್ತ ಉತ್ತರ ಕೊಟ್ಟಳು. ಕೊನೆಗೆ ಮ್ಯಾನೇಜರ್ ಹೇಳಿದರು, ‘ನಾನೊಬ್ಬ ಗ್ರಾಹಕ ಅಂದ್ಕೊಳ್ಳಿ. ಮೇಲಿನ ಸಾಲಿಂದ ನನ್ನ ಕೀ ತೆಗೆದುಕೊಡಿ.’

ಕೀಗಳ ಹಲಗೆ ತಲೆಗಿಂತ ಎತ್ತರದಲ್ಲಿತ್ತು. ಅವಳು ಕೈ ಎತ್ತಿದಳು. ಕಂಕುಳಲ್ಲಿ ಪಟಪಟ ಎಂದಿತು. ಕೈ ಇಳಿಸುವಷ್ಟರಲ್ಲಿ ತೋಳು ಇಡಿಯಾಗಿ ಕಳಚಿ, ಜಾರಿ, ಮಣಿಕಟ್ಟಿಗೆ ಬಂದು ನೇತಾಡಿತು.

ಅಲ್ಲಿದ್ದವರು ನಗಬಾರದೆಂದು ತುಟಿ ಕಚ್ಚಿಕೊಂಡರು, ಆಮೇಲೆ ನಕ್ಕೇಬಿಟ್ಟರು. ಮ್ಯಾನೇಜರ್ ಕಣ್ಣೊರೆಸಿಕೊಳ್ಳುತ್ತ, ‘ನಿಮ್ಮ ಟೈಲರ್ ಯಾರಮ್ಮ?’ ಎಂದು ಕೇಳಿದರು.

ಅವಳು ‘ಗೊತ್ತಿಲ್ಲ ಸರ್’ ಎಂದಳು.

ಅಂದು ಊಟಕ್ಕೆ ಕೂತಾಗ ಅವಳು ಇದನ್ನು ಹೇಳಿ ಮುಗಿಸಿದಳು. ತಟ್ಟೆಯಲ್ಲಿ ಅನ್ನ ಆರುತ್ತಿತ್ತು. ಮಾಸ್ಟರನ ತಾಯಿ, ಅಂದರೆ ಅವಳ ಅಜ್ಜಿ, ತುತ್ತನ್ನು ತಟ್ಟೆಗೇ ಹಾಕಿದಳು.

‘ಗೊತ್ತಿಲ್ಲ ಅಂದ್ಯಾ?’ ಎಂದ ಮಾಸ್ಟರ್.

‘ಮತ್ತೇನು ಅನ್ಬೇಕಿತ್ತು? ನಮ್ಮಪ್ಪ ಅನ್ಬೇಕಿತ್ತಾ?’

‘ಕೈ ಎತ್ತಬೇಡ ಅಂತ ಹೇಳಿರ್ಲಿಲ್ವಾ ನಾನು?’

ಅಜ್ಜಿಯ ದನಿ ಏರಿತು. ‘ಕೈ ಎತ್ತಬಾರ್ದ ಕೋಟು ಹೆಣಕ್ಕೆ ಹೊಲಿ ಹೋಗೋ! ಹೆತ್ತ ಮಗಳಿಗೆ ಹೊಲಿಯೋದು ಅದಾ?’

‘ಅಮ್ಮ, ಈಗ ಏನಾಯ್ತು ಅಂತ? ಮುಂದಿನ ತಿಂಗಳು ಇನ್ನೊಂದು ಸಲ ಕರೀತಾರಂತಲ್ಲ. ಒಂದು ತೋಳು ಕೂರಿಸೋದು, ಕಾಲು ಗಂಟೆ ಕೆಲ್ಸ. ನಾಳೆ ಮಾಡ್ತೀನಿ ಬಿಡು.’

ಹೆಂಡತಿ ಒಂದು ಮಾತೂ ಆಡಲಿಲ್ಲ. ಅದು ಆ ಮನೆಯಲ್ಲಿ ಹೊಸದು. ಅವಳ ಬಾಯಿಗೆ ಹೆದರಿ ಹಾಲಿನವನು ಹಾಲಿಗೆ ನೀರು ಬೆರೆಸುತ್ತಿರಲಿಲ್ಲ. ಅಂಥವಳು ಸುಮ್ಮನೆ ಎದ್ದು ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟು, ಗಂಡನ ತಟ್ಟೆಯೊಂದನ್ನು ಅಲ್ಲೇ ಬಿಟ್ಟು ಒಳಗೆ ಹೋದಳು.

‘ನಂದು?’ ಎಂದ ಮಾಸ್ಟರ್.

‘ನಾಳೆ ತೊಳೀತೀನಿ,’ ಎಂಬ ಉತ್ತರ ಬಂತು.

ಕೋಟನ್ನೂ ತೋಳನ್ನೂ ಒಂದು ಹಳೇ ಬಟ್ಟೆಯಲ್ಲಿ ಗಂಟು ಕಟ್ಟಿ ಮಗಳು ಮಿಷನ್ನಿನ ಮೇಲಿನ ಕಪಾಟಿನಲ್ಲಿಟ್ಟಳು. ಮಾಸ್ಟರ್ ಪ್ರತಿದಿನ ಅದರ ಕೆಳಗೇ ಕೂತ. ಪ್ರತಿದಿನ ಬೆಳಿಗ್ಗೆ ಅದನ್ನು ಮಗುವಿನ ಬೆನ್ನು ತಟ್ಟುವ ಹಾಗೆ ಎರಡು ಸಲ ತಟ್ಟಿ, ‘ನಾಳೆ ಇದೇ’ ಎಂದು, ಇನ್ಯಾರದೋ ಅಂಗಿ ತೆಗೆದುಕೊಂಡ. ಕಾಲು ಗಂಟೆಯ ಕೆಲಸವಾದ್ದರಿಂದಲೇ ಅದಕ್ಕೆ ಹೊತ್ತು ಸಿಗುತ್ತಿರಲಿಲ್ಲ. ದೊಡ್ಡ ಕೆಲಸವಾಗಿದ್ದರೆ ಕನಿಷ್ಠ ಹೆದರಿಕೆಯಾದರೂ ಇರುತ್ತಿತ್ತು.

ಹೆಂಡತಿ ಅಂಗಡಿಯ ಕಾಜಾ, ಗುಂಡಿ, ಅಂಚು ಮಡಿಸುವ ಕೆಲಸವನ್ನೆಲ್ಲ ಮದುವೆಯಾದಾಗಿನಿಂದ ಮಾಡುತ್ತಿದ್ದವಳು. ತೋಳು ಕೂರಿಸುವುದು ಅವಳಿಗೆ ಬಾರದ ವಿದ್ಯೆಯಲ್ಲ. ಮಗಳು ಅದನ್ನೇ ಕೇಳಿದಳು.

‘ಅಮ್ಮ, ನೀನೇ ಹೊಲ್ದುಬಿಡು. ಅಪ್ಪನಿಗೆ ಕಾದ್ರೆ ಆಗಲ್ಲ.’

‘ನಾನು ಹೊಲಿಯಲ್ಲ.’

‘ಯಾಕಮ್ಮ?’

‘ಇಷ್ಟು ವರ್ಷ ನಿಮ್ಮಪ್ಪ ಬಿಟ್ಟಿದ್ದನ್ನೆಲ್ಲ ನಾನು ಮುಗಿಸ್ತಾ ಬಂದೆ. ಅದಕ್ಕೇ ಅವ್ರಿಗೆ ಅಷ್ಟು ಧೈರ್ಯ. ಅವ್ರು ಬಿಡೋದು, ನಾನು ಬಳಿಯೋದು. ಸಾಕು. ಈ ತೋಳಿಗೆ ನಾನು ಸೂಜಿ ತಾಗಿಸಲ್ಲ.’

‘ಹಾಗಾದ್ರೆ ನನ್ನ ಕೆಲ್ಸ?’

‘ನಿನ್ನ ಕೆಲ್ಸ ಎಲ್ಲೂ ಹೋಗಲ್ಲ. ನೀನು ಓದ್ಕೋ.’

ಅದಾದ ಒಂದೆರಡು ದಿನಕ್ಕೆ ಮಾಸ್ಟರ್ ಚಹಾ ಕುಡಿಯುತ್ತ ಸುತ್ತಲೂ ನೋಡಿದ. ‘ಇವತ್ತೇನು, ಅಡುಗೆಮನೇಲಿ ಬೆಳಕು ಜಾಸ್ತಿ ಇದೆ?’

‘ಬಿಸಿಲು ಜೋರು,’ ಎಂದಳು ಹೆಂಡತಿ.

ಅಷ್ಟರಲ್ಲಿ ಟೈಲರುಗಳ ಸಂಘದಿಂದ ಸುದ್ದಿ ಬಂತು. ಆ ವರ್ಷದ ಹಿತ್ತಾಳೆ ಕತ್ತರಿ ಮಾಸ್ಟರಿಗೆ. ಮೊಳದುದ್ದದ ಆ ಕತ್ತರಿಯನ್ನು ಸಂಘ ವರ್ಷಕ್ಕೊಬ್ಬ ಹಿರಿಯ ಕಟಿಂಗ್ ಮಾಸ್ಟರಿಗೆ ಕೊಡುತ್ತಿತ್ತು. ತೆಗೆದುಕೊಂಡವನು ಎರಡೂ ಕೈಯಲ್ಲಿ ಅದನ್ನು ತಲೆಯ ಮೇಲೆ ಎತ್ತಿ ಹಿಡಿದು ಸಭೆಗೆ ತೋರಿಸಬೇಕು. ಕೊನೆಯ ಸಾಲಿನವರು ಕಂಡಿತು ಎಂದು ಕೂಗುವವರೆಗೆ ಇಳಿಸುವಂತಿಲ್ಲ. ಮೊದಲಿಂದ ನಡೆದುಬಂದ ಪದ್ಧತಿ.

ಮಾಸ್ಟರ್ ಅಂದೇ ಪೇಟೆಗೆ ಹೋಗಿ ಬೂದು ಬಣ್ಣದ ಕೋಟಿನ ಬಟ್ಟೆ ತಂದ. ಅಂದೇ ಕತ್ತರಿಸಿದ. ಮರುದಿನ ಮಿಷನ್ ಹಾಕಿದ. ಅದರ ಮರುದಿನ ಒಳಗಿನ ಅಸ್ತರು ಕೂರಿಸಿ, ಇಸ್ತ್ರಿ ಮಾಡಿ, ಹೆಂಡತಿಯ ಮುಂದೆ ಹಿಡಿದ.

‘ಕಾಜಾ ಮಾಡಿಕೊಡು. ಇವತ್ತೇ ಆಗ್ಬೇಕು.’

ಹೆಂಡತಿ ಬೇಳೆ ಆರಿಸುತ್ತಿದ್ದಳು. ತಲೆ ಎತ್ತಿದಳು. ‘ಯಾವತ್ತು ಆಗ್ಬೇಕು?’

‘ಇವತ್ತೇ. ಸಮಾರಂಭ ಹತ್ರ ಬಂತು. ಕೊನೇ ಘಳಿಗೆಗೆ ಇಟ್ಕೊಂಡ್ರೆ ಆಗುತ್ತಾ?’

ಅವಳು ಮೊರವನ್ನು ಪಕ್ಕಕ್ಕಿಟ್ಟಳು. ಈ ಮನುಷ್ಯನಿಗೆ ಇವತ್ತು ಎಂಬ ದಿನವೊಂದಿದೆ ಎಂದು ಗೊತ್ತಿತ್ತು. ಇಷ್ಟು ವರ್ಷ ಗೊತ್ತೇ ಇತ್ತು. ತನಗೆಂದು ಎತ್ತಿಟ್ಟುಕೊಂಡಿದ್ದ, ಅಷ್ಟೇ.

‘ಇಡಿ ಅಲ್ಲಿ,’ ಎಂದಳು. ‘ಇವತ್ತೇ ಮಾಡ್ತೀನಿ.’

ಮಾಡಿದಳು. ಕಾಜಾ ಒಂದೊಂದೂ ಅಚ್ಚೊತ್ತಿದ ಹಾಗೆ ಬಂತು. ಸಿಟ್ಟು ಬಂದಾಗ ಅವಳ ಹೊಲಿಗೆ ಯಾವಾಗಲೂ ಚೆನ್ನಾಗಿ ಬರುತ್ತಿತ್ತು.

ಸಮಾರಂಭದ ಹಿಂದಿನ ದಿನ ಮಧ್ಯಾಹ್ನ ಮಾಸ್ಟರ್ ಕ್ಷೌರದಂಗಡಿಗೆ ಹೋದ, ಕೂದಲಿಗೆ ಬಣ್ಣ ಹಚ್ಚಿಸಿಕೊಳ್ಳಲು. ಅದು ಒಣಗುವವರೆಗೆ ಅವನು ಅಲ್ಲಾಡುವ ಹಾಗಿಲ್ಲ. ಇತ್ತ ಮನೆಯಲ್ಲಿ ಅತ್ತೆ, ಸೊಸೆ, ಮೊಮ್ಮಗಳು ಮೂವರೂ ಚಾಪೆಯ ಮೇಲೆ ಬೂದು ಕೋಟನ್ನು ಮಲಗಿಸಿಕೊಂಡು ಕೂತರು.

‘ಅತ್ತೆ, ನೀವು ಒಳಗೆ ಹೋಗಿ ಮಲ್ಕೊಳ್ಳಿ. ನಿಮ್ಮ ಮಗ. ನಾಳೆ ನಿಮ್ಮನ್ನ ಇದಕ್ಕೆ ಸೇರಿಸ್ಬಾರ್ದು,’ ಎಂದಳು ಸೊಸೆ.

‘ಸುಮ್ನಿರೆ. ಇವನಿಗೆ ಸೂಜಿ ಹಿಡಿಯೋಕೆ ಕಲಿಸಿದ್ದೇ ನಾನು. ಕಚ್ಚಾ ಹಾಕೋದು ಕಲಿಸ್ದೆ, ಬಿಚ್ಚೋದು ಕಲಿಸೋಕೆ ಮರ್ತೆ. ಬ್ಲೇಡ್ ಕೊಡು ಇಲ್ಲಿ.’

ಮಗಳು ಹಿಂದೆಮುಂದೆ ನೋಡಿದಳು. ‘ಅಜ್ಜಿ, ಅಷ್ಟು ಜನರ ಮುಂದೆ... ಪಾಪ ಅಲ್ವಾ ಅಪ್ಪ?’

‘ನಿನ್ನ ಎಷ್ಟು ಜನರ ಮುಂದೆ ನಿಲ್ಲಿಸ್ದ ಅವನು? ಪಾಪ ಅನ್ಬೇಕಾದೋಳು ಹೆತ್ತೋಳು. ನಾನೇ ಅಂತಿಲ್ಲ, ನಿಂದೇನೇ?’

ಸೊಸೆ ಬಲತೋಳಿನ ಹೊಲಿಗೆಯನ್ನು ಬಟ್ಟೆಗೆ ಗೀರು ಬೀಳದ ಹಾಗೆ ಬಿಚ್ಚಿಕೊಟ್ಟಳು. ಅಜ್ಜಿ ದಪ್ಪ ಕನ್ನಡಕ ಏರಿಸಿ, ಮೊಮ್ಮಗಳಿಂದ ಸೂಜಿಗೆ ದಾರ ಪೋಣಿಸಿಕೊಂಡು, ತೋಳನ್ನು ಮತ್ತೆ ಜೋಡಿಸಿದಳು. ಬಿಳಿ ದಾರ. ಹೊರಗೆ ಕಾಣದ ಹಾಗೆ ಒಳಮಗ್ಗುಲಿಂದ ಉದ್ದುದ್ದ ಹೊಲಿಗೆ.

ಸೊಸೆ ಎಡತೋಳಿಗೂ ಬ್ಲೇಡ್ ಇಡುತ್ತಿದ್ದಳು. ಅಜ್ಜಿ ಕೈ ಹಿಡಿದಳು.

‘ಬೇಡ. ಹುಡುಗೀದು ಒಂದೇ ಹೋಗಿದ್ದು. ಅಳತೆ ಅಂದ್ರೆ ಅಳತೆ.’

ಮಾಸ್ಟರ್ ಕಪ್ಪು ತಲೆ ಮಾಡಿಕೊಂಡು ಬಂದಾಗ ಕೋಟು ಮೊಳೆಯ ಮೇಲೆ ತೂಗುತ್ತಿತ್ತು. ಮುಟ್ಟಿದರೆ ಇಸ್ತ್ರಿ ಹಾಳಾದೀತೆಂದು ದೂರದಿಂದಲೇ ನೋಡಿ ಸಂತೋಷಪಟ್ಟ.

ಸಂಘದ ಹಾಲ್ ತುಂಬಿತ್ತು. ಊರಿನ ಕತ್ತರಿ, ಸೂಜಿ, ಟೇಪುಗಳೆಲ್ಲ ಅಲ್ಲೇ ಸೇರಿದ್ದವು. ‘ಹೇಳಿದ ದಿನ’ದವನು ಬಾಗಿಲ ಹತ್ತಿರ ಕೂತಿದ್ದ. ಮೂವರು ಹೆಂಗಸರು ಮೂರನೇ ಸಾಲಿನಲ್ಲಿ ಕೂತರು. ಮಾಸ್ಟರ್ ವೇದಿಕೆ ಹತ್ತಿದಾಗ ಜನ ನಿಜವಾಗಿಯೂ ಅಹಾ ಎಂದರು. ಹೊಲಿಯುವವರು ಹೊಲಿಯುವವನನ್ನು ನೋಡುವ ನೋಟ ಬೇರೆ. ಭುಜದ ಇಳಿಜಾರು, ಕಾಲರಿನ ಮಡಿಕೆ, ಒಂದನ್ನೂ ಬಿಡದೆ ಕಣ್ಣಲ್ಲೇ ಅಳೆದರು.

ಅಧ್ಯಕ್ಷ ಭಾಷಣ ಮಾಡಿದ. ಮಾಸ್ಟರೂ ಮಾತಾಡಿದ. ‘ನಮ್ಮ ಕಸುಬಿಗೆ ತಾಳ್ಮೆ ಮುಖ್ಯ. ಅವಸರದ ಹೊಲಿಗೆ ನಿಲ್ಲಲ್ಲ,’ ಎಂದ. ಚಪ್ಪಾಳೆ ಬಿತ್ತು. ಆಮೇಲೆ ಕತ್ತರಿ ಕೈಗೆ ಬಂತು. ಮಾಸ್ಟರ್ ಎರಡೂ ಕೈಯಲ್ಲಿ ಅದನ್ನು ತಲೆಯ ಮೇಲೆ ಎತ್ತಿದ.

ಪಟಪಟ.

ಬಲತೋಳು ಭುಜ ಬಿಟ್ಟು ಹೊರಟಿತು. ಎತ್ತಿದ ಕೈಯಾದ್ದರಿಂದ ಅದು ಮಣಿಕಟ್ಟಿನ ಕಡೆಗೆ ಜಾರಲು ದಾರಿಯಿರಲಿಲ್ಲ. ಮೊಣಕೈಯ ಹತ್ತಿರ ಗುಪ್ಪೆಯಾಗಿ, ಬಿಳಿ ದಾರಗಳನ್ನು ಮೀಸೆಯ ಹಾಗೆ ಬಿಟ್ಟುಕೊಂಡು ನಿಂತಿತು. ಒಳಗಿನ ಅಂಗಿಯ ಕಂಕುಳು ಇಡೀ ಸಭೆಗೆ ಕಂಡಿತು.

ಹಿಂದಿನ ಸಾಲಿನಿಂದ ಯಾರೋ ಪದ್ಧತಿಯಂತೆ ಕೂಗಿದರು, ‘ಕಂಡಿತು!’

ಹಾಲ್ ಒಡೆದುಹೋಗುವ ಹಾಗೆ ನಗು. ಬೇರೆ ಜನರಾಗಿದ್ದರೆ ಹರಿದ ಕೋಟು ಎಂದುಕೊಳ್ಳುತ್ತಿದ್ದರು. ಇವರು ಟೈಲರುಗಳು. ಅದು ಏನೆಂದು ಒಬ್ಬೊಬ್ಬರಿಗೂ ಗೊತ್ತು.

‘ಮಾಸ್ಟರ್, ಟ್ರಯಲ್ಲಿಗೆ ಬಂದ್ರಾ?’

‘ಫೈನಲ್ ಯಾವಾಗ ಮಾಸ್ಟರ್? ನಾಳೆನಾ?’

ಅಧ್ಯಕ್ಷ ಮೈಕನ್ನು ಮುಚ್ಚುವುದನ್ನೂ ಮರೆತು ಕೇಳಿದ, ‘ಇದು ಯಾರ ಹೊಲಿಗೆ ಮಾಸ್ಟರ್?’

ಮಾಸ್ಟರ್ ಕತ್ತರಿ ಇಳಿಸಿ ತೋಳಿನ ಅಂಚು ನೋಡಿದ. ದಾರ ಎಡಕ್ಕೆ ವಾಲಿತ್ತು. ಎಡಕ್ಕೆ ವಾಲುವ ಕಚ್ಚಾ ಹೊಲಿಗೆ ಈ ಪ್ರಪಂಚದಲ್ಲಿ ಅವನಿಗೆ ಗೊತ್ತಿದ್ದದ್ದು ಒಬ್ಬಳದೇ. ಮೂರನೇ ಸಾಲಿನ ಕಡೆ ಕಣ್ಣು ಹಾಯಿಸಿದ. ಹೆಂಡತಿ ನೋಡುತ್ತಿದ್ದಳು. ಮಗಳು ತಲೆ ತಗ್ಗಿಸಿದ್ದಳು. ತಾಯಿ ಮಾತ್ರ ದಪ್ಪ ಕನ್ನಡಕದ ಹಿಂದಿನಿಂದ, ಮಗ ಪಾಠ ಒಪ್ಪಿಸುವುದನ್ನು ಕಾಯುವವಳ ಹಾಗೆ, ರೆಪ್ಪೆ ಬಡಿಯದೆ ಕೂತಿದ್ದಳು.

‘ನಂದೇ,’ ಎಂದ ಮಾಸ್ಟರ್.

ಮನೆಗೆ ಬರುವ ದಾರಿಯಲ್ಲಿ ಮಾಸ್ಟರ್ ಒಂದು ಕೈಯಲ್ಲಿ ಕತ್ತರಿ, ಇನ್ನೊಂದು ಕೈಯಲ್ಲಿ ತೋಳು ಹಿಡಿದು ಮುಂದೆ ಮುಂದೆ ನಡೆದ. ಬಾಗಿಲು ತೆಗೆದ ಕೂಡಲೇ ಬೆಂಕಿಯಾದ.

‘ಯಾರದು ಈ ಐಡಿಯಾ? ಕಟ್ಕೊಂಡ ಗಂಡನ ಮಾನ ತೆಗೆಯೋಕೆ ನಾಚಿಕೆ ಆಗ್ಲಿಲ್ವಾ?’

‘ಕೈ ಎತ್ತಬೇಡಿ ಅಂತ ಹೇಳೋಣ ಅಂತಿದ್ದೆ,’ ಎಂದಳು ಹೆಂಡತಿ. ‘ನಾಳೆ ಹೇಳಿದ್ರಾಯ್ತು ಅಂತ ಬಿಟ್ಟೆ.’

‘ಅಮ್ಮ, ನೀನೂನಾ? ನಿನ್ನ ಹೊಲಿಗೆ ನಂಗೆ ಗೊತ್ತಾಗಲ್ವಾ?’

‘ಗೊತ್ತಾಗ್ಲಿ ಅಂತಾನೇ ನಾನು ಹೊಲಿದಿದ್ದು. ಅವಳನ್ನ ಟೈಲರ್ ಯಾರು ಅಂತ ಕೇಳಿದಾಗ ಹೇಗಾಗಿತ್ತು ಅಂತ ನಿಂಗೂ ಗೊತ್ತಾಗ್ಲಿ.’

ಮಾಸ್ಟರ್ ಮಿಷನ್ನಿನ ಸ್ಟೂಲಿನ ಮೇಲೆ ಕೂತ. ಆಮೇಲೆ ಒಂದೇ ತೋಳಿನ ಕೋಟಿನಲ್ಲೇ ದಡಕ್ಕನೆ ಎದ್ದು, ‘ಆಯ್ತು. ಈಗಲೇ. ಇವತ್ತೇ ಹೊಲೀತೀನಿ. ನಾಳೆ ಹುಡುಗಿ ಸಂದರ್ಶನ ಅಲ್ವಾ? ಕಾಲು ಗಂಟೆ ಸಾಕು,’ ಎಂದು ಕಪಾಟಿನಿಂದ ಗಂಟು ಇಳಿಸಿ ಬಿಚ್ಚಿದ.

ಒಳಗಿನಿಂದ ಸೂರ್ಯಕಾಂತಿ ಹೂಗಳು ಹೊರಬಂದವು. ಅಡುಗೆಮನೆಯ ಪರದೆ. ಅಂಚಿನಲ್ಲಿ ಬಿಳಿ ದಾರ.

ಅವನು ಪರದೆಯನ್ನು ನೋಡಿದ. ಅಡುಗೆಮನೆಯ ಬೋಳು ಕಿಟಕಿಯನ್ನು ನೋಡಿದ. ವಾರಗಟ್ಟಲೆ ತಾನು ತಟ್ಟಿದ್ದು ಯಾವುದನ್ನು ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

‘ಕೋಟು ಎಲ್ಲಿ?’

ಮಗಳು ಒಳಗಿನಿಂದ ಕಪ್ಪು ಕೋಟು ತಂದು ಮೇಜಿನ ಮೇಲಿಟ್ಟಳು. ಎರಡೂ ತೋಳು ಗಟ್ಟಿಯಾಗಿ ಕೂತಿದ್ದವು. ಮಾಸ್ಟರ್ ಬಲತೋಳನ್ನು ಎಳೆದು ನೋಡಿದ, ಒಳಮಗ್ಗುಲು ತಿರುಗಿಸಿ ನೋಡಿದ, ತಪ್ಪು ಹುಡುಕಿದ. ಸಿಗಲಿಲ್ಲ. ಸಿಕ್ಕಿದ್ದು ಕಾಲರಿನ ಒಳಗೆ, ಅಂಗೈಯಗಲದ ಕೆಂಪು ಲೇಬಲ್: ‘ಹೇಳಿದ ದಿನ ಟೈಲರ್ಸ್’.

‘ಅವನ ಹತ್ರ ಹೋದ್ರಾ?’ ಮಾಸ್ಟರನ ದನಿ ಕೀರಲಾಯಿತು. ‘ಕಟಿಂಗ್ ನಂದು! ಈ ಭುಜ ನೋಡು, ಈ ಭುಜ ಇಳಿಸೋಕೆ ಅವನಪ್ಪನಿಗೂ ಬರಲ್ಲ! ಒಂದು ತೋಳು ಕೂರಿಸಿ ಕೋಟೆಲ್ಲ ನಂದು ಅಂತ ಲೇಬಲ್ ಹಾಕ್ಕೊಂಡ್ನಾ?’

‘ಪಾಪ, ಅವನು ಬೇಡ ಅಂದ,’ ಎಂದಳು ಹೆಂಡತಿ. ‘ಮಾಸ್ಟರ್ ಕಟಿಂಗು, ನನ್ನ ಲೇಬಲ್ ಹಾಕಿದ್ರೆ ತಪ್ಪಾಗುತ್ತೆ ಅಮ್ಮ, ಅಂದ. ನಾನೇ ಹಾಕ್ಸಿದ್ದು. ಚಿಕ್ಕದು ಹಾಕೋಕೆ ಹೋದ. ದೊಡ್ಡದೇ ಹಾಕು ಅಂದೆ.’

‘ಬಿಚ್ಚಿ ಬಿಸಾಕ್ತೀನಿ ಇದನ್ನ!’

‘ಬಿಚ್ಚಿ. ನಾನು ಬೇಡ ಅಂದ್ನಾ? ಆದ್ರೆ ನೀವೇ ಬಿಚ್ಚಬೇಕು. ನಾನೂ ಮುಟ್ಟಲ್ಲ, ಅವಳೂ ಮುಟ್ಟಲ್ಲ.’

ಮಾಸ್ಟರ್ ಬ್ಲೇಡಿಗೆ ಕೈ ಹಾಕಿದ. ಅಷ್ಟರಲ್ಲಿ ಅಜ್ಜಿ ಅಡುಗೆಮನೆಯಿಂದ ಕೂಗಿದಳು, ‘ಊಟ ಆರ್ತಾ ಇದೆ. ಬರ್ತೀರೋ ಇಲ್ವೋ?’ ಬೆಳಿಗ್ಗೆಯಿಂದ ಅವನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಬ್ಲೇಡನ್ನು ಮೇಜಿನ ಮೇಲಿಟ್ಟ.

ಮಗಳಿಗೆ ಕೆಲಸ ಸಿಕ್ಕಿತು. ಮ್ಯಾನೇಜರ್ ಈ ಸಲವೂ ಮೇಲಿನ ಸಾಲಿನ ಕೀ ಕೇಳಿದರು. ಅವಳು ಕೈ ಎತ್ತಿ ತೆಗೆದುಕೊಟ್ಟಳು. ಸಂದರ್ಶನ ಮುಗಿದು ಅವಳು ಕೋಟು ಬಿಚ್ಚಿ ಕುರ್ಚಿಯ ಮೇಲಿಟ್ಟಾಗ, ಅದರ ಭುಜ ನೋಡಿ ಅವರು ಮತ್ತೆ ಅದೇ ಪ್ರಶ್ನೆ ಕೇಳಿದರು, ‘ನಿಮ್ಮ ಟೈಲರ್ ಯಾರಮ್ಮ?’ ಅವಳು ಬಾಯಿ ತೆರೆಯುವ ಮೊದಲೇ, ಕಾಲರಿನ ಕೆಂಪು ಲೇಬಲ್ ಉತ್ತರ ಹೇಳಿತ್ತು. ಹೋಟೆಲಿನ ಸಿಬ್ಬಂದಿಯ ಕೋಟೆಲ್ಲ ಈಗ ಎದುರು ಅಂಗಡಿಯಲ್ಲಿ ತಯಾರಾಗುತ್ತದೆ. ಮಾಸ್ಟರ್ ತನ್ನ ಮಿಷನ್ನಿನ ಮುಂದೆ ಕೂತು, ರಸ್ತೆಯಾಚೆ ಸಾಲಾಗಿ ತೂಗುವ ಕಪ್ಪು ಕೋಟುಗಳನ್ನು ನೋಡುತ್ತ ಹಲ್ಲು ಕಡಿಯುತ್ತಾನೆ.

ಮಗಳು ದಿನಾ ಸಂಜೆ ಬಂದು ಕೋಟನ್ನು ಅಪ್ಪನ ಎದುರಿನ ಮೊಳೆಗೇ ಹಾಕುತ್ತಾಳೆ, ಕಾಲರು ಹೊರಗೆ ಮಾಡಿ. ಮಾಸ್ಟರ್ ಅದನ್ನು ನೋಡಿ ಕುದಿಯುತ್ತಾನೆ. ಅನ್ನ ಕಲಸುತ್ತ ಕುದಿಯುತ್ತಾನೆ. ನಾಲ್ಕು ಹೊಲಿಗೆ, ಒಂದು ಬ್ಲೇಡು, ಕಾಲು ಗಂಟೆಯೂ ಬೇಡ.

‘ಆ ದರಿದ್ರ ಲೇಬಲ್ ನೋಡೋಕಾಗ್ತಿಲ್ಲ ನಂಗೆ.’

‘ಬಿಚ್ಚಿ ಮತ್ತೆ,’ ಎನ್ನುತ್ತಾಳೆ ಹೆಂಡತಿ, ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸುತ್ತ.

‘ಬಿಚ್ತೀನಿ, ಬಿಚ್ತೀನಿ. ನಾಳೆ ಮೊದಲ್ನೇ ಕೆಲಸ ಅದೇ.’

ಅಜ್ಜಿ ಸೊಸೆಯ ಮುಖ ನೋಡುತ್ತಾಳೆ, ಸೊಸೆ ಅಜ್ಜಿಯ ಮುಖ ನೋಡುತ್ತಾಳೆ. ಇಬ್ಬರೂ ನೆಮ್ಮದಿಯಾಗಿ ಊಟ ಮುಂದುವರಿಸುತ್ತಾರೆ.